ತಲೆಕೆಳಗಾದ ವಿಮಾನ, ಒಡೆದುಹೋದ ಭೂಗೋಳ

ವಿಮಾನ ತಲೆಕೆಳಗಾಗಿ ಹಾರುತ್ತಿದೆ. ಒಳಗೆ ಕುಳಿತ ಇಬ್ಬರಿಗೂ ಅದು ಗೊತ್ತಿಲ್ಲ. ಹೊತ್ತೆಷ್ಟಾಯಿತೆಂದು ನೋಡಲು ಜೇಬಿನಿಂದ ಗಡಿಯಾರ ತೆಗೆದರೆ ಅದು ಸರಪಳಿಯ ತುದಿಯಲ್ಲಿ ಕೆಳಕ್ಕೆ ಜೋತುಬೀಳುವ ಬದಲು ಹಂಬಿನ ಕುಡಿಯಂತೆ ಮೇಲಕ್ಕೆ ನೆಟ್ಟಗೆ ನಿಲ್ಲುತ್ತದೆ. ಕುಡಿಯಲೆಂದು ಸೀಸೆಯ ಮುಚ್ಚಳ ತೆಗೆದರೆ ನೀರು ಬಾಯಿಗೆ ಬೀಳದೆ ಆಕಾಶಕ್ಕೆ ಹಾರುತ್ತದೆ. ಇದೇನು ವಿಚಿತ್ರವೆಂದು ಇಬ್ಬರೂ ಅಚ್ಚರಿಪಡುತ್ತಾರೆ. ಗಡಿಯಾರದ ಮೇಲೆ ಅನುಮಾನ, ನೀರಿನ ಮೇಲೆ ಅನುಮಾನ. ತಾವೇ ತಲೆಕೆಳಗಾಗಿದ್ದೇವೆಂಬ ಅನುಮಾನ ಮಾತ್ರ ಬರುವುದಿಲ್ಲ.

ವಿಜ್ಞಾನದ ವಿದ್ಯಾರ್ಥಿ ಇಲ್ಲಿ ತಕರಾರು ತೆಗೆಯಬಹುದು. ನಿಜವಾಗಿ ತಲೆಕೆಳಗಾದರೆ ದೇಹವೆಲ್ಲ ಪಟ್ಟಿಗೆ ನೇತುಬೀಳುತ್ತದೆ, ರಕ್ತ ತಲೆಗೆ ನುಗ್ಗಿ ಮುಖ ಕೆಂಪೇರುತ್ತದೆ, ಗೊತ್ತಾಗದೆ ಇರುವುದು ಸಾಧ್ಯವೇ ಇಲ್ಲ ಎಂದು. ತಕರಾರು ಸರಿಯಾದದ್ದೇ. ಆದರೆ ದೃಶ್ಯ ಪೂರ್ತಿ ಸುಳ್ಳೂ ಅಲ್ಲ. ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತ ನಾಳಗಳಿವೆ. ದೇಹ ತಿರುಗಿದರೆ ಆ ದ್ರವದ ಚಲನೆಯಿಂದ ಮಿದುಳಿಗೆ ಸುದ್ದಿ ಮುಟ್ಟುತ್ತದೆ. ವಿಮಾನ ಮೋಡದೊಳಗೆ ನಿಧಾನವಾಗಿ, ಒಂದೇ ವೇಗದಲ್ಲಿ ವಾಲಿ ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲಿ ದ್ರವವೂ ನಾಳದ ಜೊತೆಗೇ ತಿರುಗತೊಡಗುತ್ತದೆ. ಆಗ ಮಿದುಳು 'ಎಲ್ಲ ನೆಟ್ಟಗಿದೆ' ಎಂದೇ ತೀರ್ಮಾನಿಸುತ್ತದೆ. ಹೀಗೆ ಮೋಸಹೋಗಿ ನೆಲಕ್ಕಪ್ಪಳಿಸಿದ ವಿಮಾನಗಳು ಅನೇಕ. ಆದ್ದರಿಂದಲೇ ಮೋಡದಲ್ಲಿ ನಿನ್ನ ಮೈಯನ್ನು ನಂಬಬೇಡ, ಉಪಕರಣವನ್ನು ನಂಬು ಎಂದು ಪೈಲಟ್‌ಗಳಿಗೆ ಕಲಿಸುತ್ತಾರೆ.

ಈ ದೃಶ್ಯವಿರುವುದು ಚಾರ್ಲಿ ಚಾಪ್ಲಿನ್ನರ 'ದಿ ಗ್ರೇಟ್ ಡಿಕ್ಟೇಟರ್' ಚಿತ್ರದ ಮೊದಲ ಭಾಗದಲ್ಲಿ. ಒಂದು ಇಡೀ ದೇಶ ತಲೆಕೆಳಗಾಗಿ ಹಾರುತ್ತಿರುವಾಗ ಒಳಗಿನವರಿಗೆ ಅದು ತಿಳಿಯದೆ ಹೋಗುವ ಕಥೆಗೆ ಇದಕ್ಕಿಂತ ಒಳ್ಳೆಯ ಮುನ್ನುಡಿ ಬೇಕೆ?

ಚಿತ್ರ ನ್ಯೂಯಾರ್ಕಿನಲ್ಲಿ ಮೊದಲು ತೆರೆಕಂಡದ್ದು 1940ರ ಅಕ್ಟೋಬರ್ 15ರಂದು. ಆ ಹೊತ್ತಿಗೆ ಪೋಲೆಂಡ್, ಡೆನ್ಮಾರ್ಕ್, ನಾರ್ವೆ, ಹಾಲೆಂಡ್, ಬೆಲ್ಜಿಯಂ, ಫ್ರಾನ್ಸ್ ಎಲ್ಲವೂ ಹಿಟ್ಲರನ ಸೇನೆಗೆ ಸೋತಿದ್ದವು. ಲಂಡನ್ನಿನ ಮೇಲೆ ರಾತ್ರಿಯಾಯಿತೆಂದರೆ ಬಾಂಬಿನ ಮಳೆ. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಇಂದು ಹಿಟ್ಲರನನ್ನು ಗೇಲಿ ಮಾಡಲು ಧೈರ್ಯವೇನೂ ಬೇಡ. ಸತ್ತ ಹುಲಿಯ ಮೀಸೆ ಎಳೆಯಲು ಯಾರಿಗೂ ಭಯವಿಲ್ಲ. ಚಾಪ್ಲಿನ್ ಎಳೆದದ್ದು ಹುಲಿ ಬೇಟೆಯಾಡುತ್ತಿದ್ದಾಗ, ಮತ್ತು ಅದೇ ಗೆಲ್ಲುತ್ತದೆಂದು ಜಗತ್ತಿನ ಅರ್ಧ ಜನ ನಂಬಿದ್ದಾಗ.

ನಾಲ್ಕು ದಿನದ ಅಂತರ, ಒಂದೇ ಮೀಸೆ

ಚಾಪ್ಲಿನ್ ಹುಟ್ಟಿದ್ದು 1889ರ ಏಪ್ರಿಲ್ 16ರಂದು, ಲಂಡನ್ನಿನಲ್ಲಿ. ಅದೇ ತಿಂಗಳ 20ರಂದು ಆಸ್ಟ್ರಿಯದ ಬ್ರೌನೌ ಎಂಬ ಗಡಿಯೂರಿನಲ್ಲಿ ಅಡಾಲ್ಫ್ ಹಿಟ್ಲರ್ ಹುಟ್ಟಿದ. ಜಾತಕ ನಂಬುವವರು ಈ ಎರಡು ಕುಂಡಲಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು.

ಚಾಪ್ಲಿನ್ನರ ಬಾಲ್ಯ ಕಡು ಬಡತನದ್ದು. ತಂದೆ ತಾಯಿ ಇಬ್ಬರೂ ರಂಗಮಂದಿರದ ಹಾಡುಗಾರರು. ತಂದೆ ಕುಡಿತಕ್ಕೆ ಬಿದ್ದು ಸಂಸಾರದಿಂದ ದೂರವಾದರು, ತಾಯಿ ಹ್ಯಾನಾರ ಮನಸ್ಸಿನ ಸ್ವಾಸ್ಥ್ಯ ಕೆಟ್ಟಿತು. ಏಳನೆಯ ವಯಸ್ಸಿಗೇ ಚಾರ್ಲಿ ಮತ್ತು ಅಣ್ಣ ಸಿಡ್ನಿ ಲ್ಯಾಂಬೆತ್‌ನ ಬಡವರ ದುಡಿಮೆಮನೆ ಸೇರಬೇಕಾಯಿತು. ಆ ಹುಡುಗ 1914ರಲ್ಲಿ ಅಮೆರಿಕದ ಸಿನಿಮಾದಲ್ಲಿ ಸಡಿಲ ಷರಾಯಿ, ಬಿಗಿ ಕೋಟು, ದೊಡ್ಡ ಬೂಟು, ಬೆತ್ತ ಮತ್ತು ಮೂಗಿನ ಕೆಳಗೆ ಅಂಗುಲದಷ್ಟು ಮೀಸೆ ತೊಟ್ಟು ಅಲೆಮಾರಿಯಾಗಿ ಕಾಣಿಸಿಕೊಂಡ. ಮೀಸೆ ಅಷ್ಟು ಚಿಕ್ಕದೇಕೆಂದರೆ ವಯಸ್ಸು ಹೆಚ್ಚಾಗಿ ಕಾಣಬೇಕು, ಆದರೆ ತುಟಿಯ ಭಾವ ಮುಚ್ಚಿಹೋಗಬಾರದು. ನಟನ ಲೆಕ್ಕಾಚಾರವದು. ಕೆಲವೇ ವರ್ಷಗಳಲ್ಲಿ ಆ ಮೀಸೆಯನ್ನು ಗುರುತಿಸದ ದೇಶವಿರಲಿಲ್ಲ.

ಇಬ್ಬರ ದಾರಿಯೂ ಒಮ್ಮೆ ವಿಚಿತ್ರವಾಗಿ ಹತ್ತಿರ ಬಂದಿತ್ತು. ಮೊದಲ ಮಹಾಯುದ್ಧದ ಕಂದಕಗಳ ಬದುಕನ್ನು ಹಾಸ್ಯವಾಗಿಸಿದ ಚಾಪ್ಲಿನ್ನರ 'ಶೋಲ್ಡರ್ ಆರ್ಮ್ಸ್' ಬಿಡುಗಡೆಯಾದದ್ದು 1918ರ ಅಕ್ಟೋಬರ್‌ನಲ್ಲಿ. ಅದೇ ಅಕ್ಟೋಬರ್‌ನಲ್ಲಿ ಜರ್ಮನ್ ಸೇನೆಯ ಕಾರ್ಪೊರಲ್ ಹಿಟ್ಲರ್ ವಿಷಾನಿಲಕ್ಕೆ ಸಿಕ್ಕಿ ಕಣ್ಣು ಕಾಣದೆ ಆಸ್ಪತ್ರೆ ಸೇರಿದ್ದ. ಜರ್ಮನಿ ಸೋತ ಸುದ್ದಿ ಅವನಿಗೆ ತಿಳಿದದ್ದು ಅಲ್ಲಿಯೇ. 'ದಿ ಗ್ರೇಟ್ ಡಿಕ್ಟೇಟರ್'ನಲ್ಲಿಯೂ ಸೈನಿಕನೊಬ್ಬ ಯುದ್ಧದ ಕೊನೆಯಲ್ಲಿ ಆಸ್ಪತ್ರೆ ಸೇರುತ್ತಾನೆ. ಆದರೆ ಅವನು ಸರ್ವಾಧಿಕಾರಿಯಲ್ಲ, ಯೆಹೂದಿ ಕ್ಷೌರಿಕ.

ಹಿಟ್ಲರನೂ ತನ್ನ ಮಟ್ಟಿಗೆ ನಟನೇ. 1920ರ ದಶಕದಲ್ಲಿ ತನ್ನ ಛಾಯಾಗ್ರಾಹಕ ಹಾಫ್‌ಮನ್‌ನ ಎದುರು ಭಾಷಣದ ಭಂಗಿಗಳನ್ನು ಅಭಿನಯಿಸಿ, ಫೋಟೋ ತೆಗೆಸಿ, ಯಾವ ಕೈ ಎಷ್ಟು ಎತ್ತಿದರೆ ಹೇಗೆ ಕಾಣುತ್ತದೆಂದು ಪರಿಶೀಲಿಸುತ್ತಿದ್ದ. ಅವನ ಭಂಗಿಗಳ ಅಂಚೆಚಿತ್ರಗಳನ್ನು ಮೊದಲ ಸಲ ನೋಡಿದಾಗ ಚಾಪ್ಲಿನ್ನರಿಗೆ ನಗು ಬಂದಿತ್ತು. ತನ್ನನ್ನು ಕೆಟ್ಟದಾಗಿ ನಕಲು ಮಾಡುತ್ತಿರುವಂತೆ ಕಂಡಿತ್ತು. ಐನ್‌ಸ್ಟೈನ್ ಮತ್ತು ಥಾಮಸ್ ಮಾನ್‌ರಂಥವರು ಜರ್ಮನಿ ಬಿಡಬೇಕಾಗಿ ಬಂದಾಗ ಆ ಮುಖ ನಗೆಯದಾಗಿ ಉಳಿಯಲಿಲ್ಲ ಎಂದು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. 1931ರ ಜನವರಿ 30ರಂದು ಲಾಸ್ ಏಂಜಲಿಸ್‌ನಲ್ಲಿ 'ಸಿಟಿ ಲೈಟ್ಸ್' ಚಿತ್ರದ ಮೊದಲ ಪ್ರದರ್ಶನಕ್ಕೆ ಚಾಪ್ಲಿನ್ನರ ಜೊತೆಯಲ್ಲಿ ಬಂದಿದ್ದ ಅತಿಥಿ ಇದೇ ಐನ್‌ಸ್ಟೈನ್. ಸರಿಯಾಗಿ ಎರಡು ವರ್ಷಕ್ಕೆ, 1933ರ ಜನವರಿ 30ರಂದು, ಹಿಟ್ಲರ್ ಜರ್ಮನಿಯ ಚಾನ್ಸಲರ್ ಆದ. ಐನ್‌ಸ್ಟೈನ್ ಮತ್ತೆ ಜರ್ಮನಿಯ ನೆಲ ಮೆಟ್ಟಲಿಲ್ಲ.

ನಾತ್ಸಿಗಳು ಅದೇ ವರ್ಷ ಪ್ರಕಟಿಸಿದ ದ್ವೇಷದ ಪುಸ್ತಕವೊಂದರಲ್ಲಿ ಐನ್‌ಸ್ಟೈನ್ ಜೊತೆಗೆ ಚಾಪ್ಲಿನ್ನರ ಚಿತ್ರವೂ ಇತ್ತು, ಯೆಹೂದಿ ಎಂಬ ಬಯ್ಗುಳದೊಂದಿಗೆ. ಚಾಪ್ಲಿನ್ ಯೆಹೂದಿಯಲ್ಲ. ಆದರೂ 'ನಾನಲ್ಲ' ಎಂದು ಬಾಯಿಬಿಟ್ಟು ನಿರಾಕರಿಸಲು ಅವರು ಒಪ್ಪುತ್ತಿರಲಿಲ್ಲ. ನಿರಾಕರಿಸಿದರೆ ಯೆಹೂದಿಯಾಗಿರುವುದೇ ಒಂದು ತಪ್ಪೆಂದು ಒಪ್ಪಿದಂತಾಗುತ್ತದಲ್ಲ!

ಬೇಡವೆಂದವರೇ ಹೆಚ್ಚು

ಇಬ್ಬರ ಮೀಸೆಯ ಹೋಲಿಕೆಯನ್ನೇ ಇಟ್ಟುಕೊಂಡು ಒಂದು ಚಿತ್ರ ಮಾಡಬಾರದೇಕೆ ಎಂದು ಸೂಚಿಸಿದವರು ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ, 1937ರಲ್ಲಿ. ಚಾಪ್ಲಿನ್ನರಿಗೆ ಅದು ಮನಸ್ಸಿನಲ್ಲಿ ನಾಟಲು ಸ್ವಲ್ಪ ಸಮಯ ಹಿಡಿಯಿತು. ಅವರಿಗೊಂದು ಹಳೆಯ ತೊಡಕಿತ್ತು. 1927ರಲ್ಲಿ ಟಾಕಿ ಬಂದು ಮೂಕಿಯ ಕಾಲ ಮುಗಿದಿದ್ದರೂ ಅವರ ಅಲೆಮಾರಿ ಮಾತಾಡಿರಲಿಲ್ಲ. 1936ರ 'ಮಾಡರ್ನ್ ಟೈಮ್ಸ್'ನಲ್ಲಿ ಬಾಯಿ ತೆರೆದದ್ದೂ ಅರ್ಥವಿಲ್ಲದ ಒಂದು ಹಾಡಿಗೆ ಮಾತ್ರ. ಹಿಟ್ಲರನ ಪಾತ್ರ ಈ ತೊಡಕನ್ನು ಬಿಡಿಸಿತು. ಸರ್ವಾಧಿಕಾರಿ ಅರ್ಥವಿಲ್ಲದೆ ಅರಚಬಹುದು, ಅವನನ್ನೇ ಹೋಲುವ ಕ್ಷೌರಿಕ ಹೆಚ್ಚುಕಡಿಮೆ ಮೌನವಾಗಿರಬಹುದು. ಎರಡು ಪಾತ್ರ, ಇಬ್ಬರೂ ಒಬ್ಬರೇ.

ಸುದ್ದಿ ಹರಡಿದ್ದೇ ತಡ, ಬೇಡವೆನ್ನುವವರ ಸಾಲು ಬೆಳೆಯಿತು. ಹಿಟ್ಲರನನ್ನು ಕೆಣಕದೆ ಸಮಾಧಾನಪಡಿಸುವ ನೀತಿ ಹಿಡಿದಿದ್ದ ಬ್ರಿಟನ್ನಿನಲ್ಲಿ ಚಿತ್ರ ತೋರಿಸಲು ಬಿಡುವುದಿಲ್ಲವೆಂಬ ಸೂಚನೆ ಬಂತು. ಅಮೆರಿಕದ ಸೆನ್ಸಾರಿನವರೂ ಹಂಚಿಕೆದಾರರೂ ತೊಂದರೆ ಖಂಡಿತವೆಂದು ಎಚ್ಚರಿಸಿದರು. ಹಾಲಿವುಡ್ಡಿನ ದೊಡ್ಡ ಸಂಸ್ಥೆಗಳಿಗೆ ಜರ್ಮನಿಯ ಮಾರುಕಟ್ಟೆ ಕೈತಪ್ಪೀತೆಂಬ ಚಿಂತೆ. ಚಾಪ್ಲಿನ್ ಸ್ವಂತ ಹಣ ಹಾಕಿದರು. 1939ರ ಸೆಪ್ಟೆಂಬರ್ 1ರಂದು ಜರ್ಮನಿ ಪೋಲೆಂಡಿನ ಮೇಲೆ ನುಗ್ಗಿತು. ಅದೇ ತಿಂಗಳ ಎರಡನೆಯ ವಾರ ಕ್ಯಾಲಿಫೋರ್ನಿಯದಲ್ಲಿ ಚಿತ್ರೀಕರಣ ಶುರುವಾಯಿತು. ಚಿತ್ರ ಮುಗಿಯುವ ವೇಳೆಗೆ ಬ್ರಿಟನ್ನೇ ಯುದ್ಧದಲ್ಲಿತ್ತು, ತಡೆಯುತ್ತೇವೆಂದಿದ್ದವರು 1940ರ ಡಿಸೆಂಬರ್‌ನಲ್ಲಿ ಲಂಡನ್ನಿನ ಚಿತ್ರಮಂದಿರಗಳಲ್ಲಿ ಸಂತೋಷದಿಂದಲೇ ತೋರಿಸಿದರು.

ರೋಗದ ಹೆಸರುಗಳು

ಚಿತ್ರದ ಕಥೆ ನಡೆಯುವುದು ಟೊಮೇನಿಯ ಎಂಬ ದೇಶದಲ್ಲಿ. ಸರ್ವಾಧಿಕಾರಿಯ ಹೆಸರು ಅಡೆನಾಯ್ಡ್ ಹಿಂಕೆಲ್. ನೆರೆಯ ದೇಶ ಬ್ಯಾಕ್ಟೀರಿಯ. ಅದರ ಸರ್ವಾಧಿಕಾರಿ, ಮುಸೊಲಿನಿಯ ಪಡಿಯಚ್ಚು, ನೆಪಲೋನಿ. ಇಬ್ಬರೂ ನುಂಗಲು ಹವಣಿಸುವ ಮೂರನೆಯ ದೇಶ ಆಸ್ಟರ್ಲಿಚ್, ಅಂದರೆ ಆಸ್ಟ್ರಿಯ.

ವಿಜ್ಞಾನದ ಪುಸ್ತಕ ಓದಿದ ಮಕ್ಕಳಿಗೆ ಈ ಹೆಸರುಗಳಲ್ಲಿ ಅರ್ಧ ತಮಾಷೆ ತಾನಾಗಿ ಸಿಗುತ್ತದೆ. ಅಡೆನಾಯ್ಡ್ ಎಂದರೆ ಮೂಗಿನ ಹಿಂದೆ, ಗಂಟಲಿನ ಮೇಲ್ಭಾಗದಲ್ಲಿರುವ ಗ್ರಂಥಿ. ಮಕ್ಕಳಿಗೆ ಅದು ಊದಿಕೊಂಡರೆ ಮೂಗು ಕಟ್ಟುತ್ತದೆ, ಬಾಯಿಯಿಂದ ಉಸಿರಾಡುತ್ತಾರೆ. ಟೊಮೇನಿಯ ಬಂದದ್ದು ಟೊಮೇನ್ ಎಂಬ ಶಬ್ದದಿಂದ. ಕೊಳೆತ ಮಾಂಸದಲ್ಲಿ ಹುಟ್ಟುವ ಕೆಲವು ರಾಸಾಯನಿಕಗಳಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಕೊಟ್ಟ ಹೆಸರದು, ಗ್ರೀಕ್‌ನಲ್ಲಿ ಹೆಣ ಎಂಬರ್ಥದ ಪದದಿಂದ ಬಂದದ್ದು. ಕೆಟ್ಟ ಊಟ ಮಾಡಿ ಕಾಯಿಲೆ ಬಿದ್ದರೆ ಅದೇ ಕಾರಣವೆಂದು ಜನ ಬಹಳ ಕಾಲ ನಂಬಿದ್ದರು. ನಿಜವಾದ ಅಪರಾಧಿಗಳು ಬ್ಯಾಕ್ಟೀರಿಯ ಮತ್ತು ಅವು ಸ್ರವಿಸುವ ವಿಷ ಎಂದು ಆಮೇಲೆ ತಿಳಿಯಿತು. ಹೀಗೆ ಕೊಳೆತದ್ದೊಂದು ದೇಶ, ಕೊಳೆಸುವುದೊಂದು ದೇಶ! ಪ್ರಚಾರ ಮಂತ್ರಿ ಗೋಬೆಲ್ಸ್ ಇಲ್ಲಿ ಗಾರ್ಬಿಚ್, ಇಂಗ್ಲಿಷಿನ ಕಸದ ಹೆಸರು. ದಪ್ಪ ಹೊಟ್ಟೆಯ ಗೋರಿಂಗ್ ಇಲ್ಲಿ ಹೆರಿಂಗ್, ಒಂದು ಜಾತಿಯ ಮೀನು. ಸ್ವಸ್ತಿಕದ ಜಾಗದಲ್ಲಿ ಎರಡು ಗುಣಾಕಾರ ಚಿಹ್ನೆ, ಅಂದರೆ ಡಬಲ್ ಕ್ರಾಸ್. ಇಂಗ್ಲಿಷಿನಲ್ಲಿ ಹಾಗೆಂದರೆ ನಂಬಿದವರ ಬೆನ್ನಿಗೆ ಚೂರಿ ಹಾಕುವುದು.

ಕಥೆ ಹೀಗೆ. 1918ರಲ್ಲಿ ವಿಮಾನ ಅಪಘಾತದಲ್ಲಿ ನೆನಪು ಕಳೆದುಕೊಂಡ ಕ್ಷೌರಿಕ ವರ್ಷಗಟ್ಟಲೆ ಆಸ್ಪತ್ರೆಯಲ್ಲಿರುತ್ತಾನೆ. ಅವನ ಲೆಕ್ಕದಲ್ಲಿ ಮಾತ್ರ ಕೆಲವೇ ವಾರ ಕಳೆದಿವೆ. ತನ್ನ ಅಂಗಡಿಗೆ ಮರಳಿದರೆ ಜೇಡರ ಬಲೆ ಕಟ್ಟಿದೆ, ಕಿಟಕಿಯ ಗಾಜಿನ ಮೇಲೆ ಪುಂಡ ಸೈನಿಕರು 'ಯೆಹೂದಿ' ಎಂದು ಬಣ್ಣದಲ್ಲಿ ಬರೆಯುತ್ತಿದ್ದಾರೆ. ಅವನು ಸಹಜವಾಗಿ ಬಟ್ಟೆ ತಂದು ಒರೆಸುತ್ತಾನೆ. ಸೈನಿಕ ದಬಾಯಿಸಿದರೆ ಪೊಲೀಸರನ್ನು ಕರೆಯುತ್ತೇನೆನ್ನುತ್ತಾನೆ. ನಗು ಬರುವುದು ಇಲ್ಲಿಯೇ, ಕರುಳು ಚುರುಕ್ಕೆನ್ನುವುದೂ ಇಲ್ಲಿಯೇ. ಆ ಕೇರಿಯಲ್ಲಿ ಎಲ್ಲರೂ ಭಯಕ್ಕೆ ಒಗ್ಗಿಹೋಗಿದ್ದಾರೆ. ನೆನಪು ಕಳೆದುಕೊಂಡ ಒಬ್ಬನಿಗೆ ಮಾತ್ರ ಹಳೆಯ ನ್ಯಾಯದ ನೆನಪಿದೆ.

ಆ ಕೇರಿಯ ಅಂಗಡಿಗಳ ಫಲಕಗಳನ್ನು ಗಮನಿಸಿ. ಅವು ಜರ್ಮನ್ ಅಲ್ಲ, ಇಂಗ್ಲಿಷೂ ಅಲ್ಲ, ಎಸ್ಪೆರಾಂಟೊ. ಜಗತ್ತಿನ ಎಲ್ಲರೂ ಸುಲಭವಾಗಿ ಕಲಿತು ಒಬ್ಬರನ್ನೊಬ್ಬರು ಅರಿಯಲೆಂದು ಪೋಲೆಂಡಿನ ಯೆಹೂದಿ ವೈದ್ಯ ಜಾಮೆನ್‌ಹಾಫ್ 1887ರಲ್ಲಿ ಪ್ರಕಟಿಸಿದ ಕೃತಕ ಭಾಷೆ ಅದು. ಹಿಟ್ಲರನಿಗೆ ಈ ಭಾಷೆಯ ಮೇಲೂ ಹಗೆ. ಜಾಮೆನ್‌ಹಾಫರ ಮಗಳು ಲಿಡಿಯಾರನ್ನು ನಾತ್ಸಿಗಳು 1942ರಲ್ಲಿ ಟ್ರೆಬ್ಲಿಂಕಾ ಶಿಬಿರದಲ್ಲಿ ಕೊಂದರು. ಚಿತ್ರ ನೋಡುವಾಗ ಫಲಕಗಳ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಗೊತ್ತಾದ ಮೇಲೆ ಕಣ್ಣು ಕೀಳುವುದು ಕಷ್ಟ.

ಮೈಕು, ಕುರ್ಚಿ ಮತ್ತು ಬೆಲೂನು

ಹಿಂಕೆಲ್‌ನ ಮೊದಲ ಭಾಷಣ ಚಿತ್ರದ ಅತಿ ಹೆಸರಾದ ಭಾಗಗಳಲ್ಲೊಂದು. ಅವನಾಡುವುದು ಜರ್ಮನ್ನಿನಂತೆ ಕೇಳುವ, ಯಾವ ಭಾಷೆಯೂ ಅಲ್ಲದ ಗದ್ದಲ. ನಡುವೆ ಊಟದ ತಿನಿಸುಗಳ ಹೆಸರು, ಕೆಮ್ಮು, ಉಗುಳು. ಅವನ ಅಬ್ಬರಕ್ಕೆ ಎದುರಿನ ಮೈಕುಗಳು ಹೆದರಿ ಹಿಂದಕ್ಕೆ ಬಾಗುತ್ತವೆ. ಯೆಹೂದಿಗಳ ವಿಷಯ ಬಂದಾಗ ಅವನು ಹಲ್ಲು ಕಡಿದು, ಗಂಟಲು ಹರಿದುಕೊಂಡು ಕಿರುಚುತ್ತಾನೆ. ಪಕ್ಕದಲ್ಲಿ ತಣ್ಣಗೆ ಕೂತ ದುಭಾಷಿ ಅದನ್ನು ಇಂಗ್ಲಿಷಿಗೆ ತರುವುದು ಒಂದೇ ಸಪ್ಪೆ ವಾಕ್ಯದಲ್ಲಿ: ಸನ್ಮಾನ್ಯರು ಈಗ ಯೆಹೂದಿ ಜನರನ್ನು ಪ್ರಸ್ತಾಪಿಸಿದರು, ಅಷ್ಟೇ. ಪತ್ರಿಕೆಗಳೂ ರಾಯಭಾರಿಗಳೂ ದ್ವೇಷವನ್ನು ಎಷ್ಟು ಸಭ್ಯವಾಗಿ ವರದಿ ಮಾಡುತ್ತಿದ್ದರೆಂಬುದಕ್ಕೆ ಈ ದುಭಾಷಿಯೇ ಸಾಕ್ಷಿ. ಚಿತ್ರದಲ್ಲಿ ಇದಕ್ಕಿಂತ ಮೊನಚಾದ ಏಟು ಇನ್ನೊಂದಿಲ್ಲ.

ಮೈಕನ್ನು ಚಾಪ್ಲಿನ್ ಸುಮ್ಮನೆ ಬಾಗಿಸಲಿಲ್ಲ. ಹಿಟ್ಲರನ ಶಕ್ತಿಯ ಒಂದು ಗುಟ್ಟು ಅದರಲ್ಲೇ ಇತ್ತು. 1933ರಲ್ಲಿ ಗೋಬೆಲ್ಸ್ 'ಜನರ ರೇಡಿಯೊ' ಎಂಬ ಅಗ್ಗದ ರೇಡಿಯೊವನ್ನು ಮಾರುಕಟ್ಟೆಗೆ ತಂದ. ಬೆಲೆ 76 ಮಾರ್ಕ್, ಮಾದರಿಯ ಸಂಖ್ಯೆ 301. ಹಿಟ್ಲರ್ ಅಧಿಕಾರಕ್ಕೆ ಬಂದ 30ನೆಯ ತಾರೀಖು, 1ನೆಯ ತಿಂಗಳು, ಎರಡೂ ಸೇರಿ 301! ಸ್ವಂತ ದೇಶದ ಕೇಂದ್ರಗಳು ಚೆನ್ನಾಗಿ ಕೇಳಿಸುವಷ್ಟೇ ಅದರ ಸಾಮರ್ಥ್ಯ. ಹೀಗೆ ಒಬ್ಬನ ಕಿರುಚಾಟ ಮನೆಮನೆಯ ನಡುಕೋಣೆಗೆ ಬಂತು.

ಸರ್ವಾಧಿಕಾರ ಎಷ್ಟರಮಟ್ಟಿಗೆ ರಂಗಸಜ್ಜಿಕೆಯ ಕೆಲಸವೆಂಬುದು ರಂಗದ ಮೇಲೆಯೇ ಬೆಳೆದ ಚಾಪ್ಲಿನ್ನರಿಗೆ ಗೊತ್ತಿತ್ತು. ನೆಪಲೋನಿ ಭೇಟಿಗೆ ಬರುವ ಪ್ರಸಂಗ ನೋಡಿ. ಅವನು ತನ್ನನ್ನು ತಲೆಯೆತ್ತಿ ನೋಡುವಂತಾಗಬೇಕೆಂದು ಹಿಂಕೆಲ್ ಅವನಿಗೆ ಗಿಡ್ಡ ಕುರ್ಚಿ ಹಾಕಿಸುತ್ತಾನೆ. ನೆಪಲೋನಿಯೋ ಕುರ್ಚಿ ಬಿಟ್ಟು ಮೇಜಿನ ಮೇಲೆಯೇ ಕೂರುತ್ತಾನೆ. ಆಮೇಲೆ ಇಬ್ಬರೂ ಕ್ಷೌರಕ್ಕೆ ಕುಳಿತಾಗ ಪೈಪೋಟಿಯಲ್ಲಿ ಹಿಡಿಕೆ ಒತ್ತಿ ಒತ್ತಿ ಕುರ್ಚಿಗಳನ್ನು ಛಾವಣಿಯವರೆಗೂ ಏರಿಸಿಕೊಳ್ಳುತ್ತಾರೆ. ದೈತ್ಯಾಕಾರವಾಗಿ ಕಾಣುವವರ ಕಾಲಕೆಳಗೆ ಏನಿದೆಯೆಂದು ಬಗ್ಗಿ ನೋಡಿದರೆ ಕಾಣುವುದು ಒಂದು ಹೈಡ್ರಾಲಿಕ್ ಪಂಪು. ಜ್ಯಾಕ್ ಓಕಿ ಎಂಬ ನಟ ನೆಪಲೋನಿಯಾಗಿ ಎದೆ ಸೆಟೆಸಿ ಗದ್ದ ಮುಂದೆ ಚಾಚುವ ರೀತಿಯನ್ನು ಒಮ್ಮೆ ನೋಡಿದವರಿಗೆ ಆಮೇಲೆ ಮುಸೊಲಿನಿಯ ನಿಜವಾದ ಸುದ್ದಿಚಿತ್ರ ನೋಡಿದರೂ ನಗು ತಡೆಯಲಾಗುವುದಿಲ್ಲ.

ಇನ್ನು ಭೂಗೋಳದ ನೃತ್ಯ. ನೀನು ಜಗತ್ತಿನ ಚಕ್ರವರ್ತಿಯಾಗುತ್ತೀಯೆ ಎಂದು ಗಾರ್ಬಿಚ್ ಕಿವಿಯೂದಿದ ಮೇಲೆ ಹಿಂಕೆಲ್ ಒಬ್ಬಂಟಿಯಾಗಿ ಭೂಗೋಳವನ್ನು ಕೈಗೆತ್ತಿಕೊಳ್ಳುತ್ತಾನೆ. ಅದೊಂದು ಬೆಲೂನು. ಬೆರಳ ತುದಿಯಲ್ಲಿ ತಿರುಗಿಸುತ್ತಾನೆ, ಹಣೆಯಿಂದ ತೇಲಿಸುತ್ತಾನೆ, ಮೇಜಿನ ಮೇಲೆ ಬೋರಲು ಮಲಗಿ ಹಿಂಭಾಗದಿಂದ ಚಿಮ್ಮಿಸುತ್ತಾನೆ. ಹಿಂದೆ ನುಡಿಯುವುದು ವ್ಯಾಗ್ನರ್‌ನ 'ಲೋಹೆಂಗ್ರಿನ್' ಸಂಗೀತ. ವ್ಯಾಗ್ನರ್ ಎಂದರೆ ಹಿಟ್ಲರನಿಗೆ ಪ್ರಾಣ. ನೋಡುತ್ತ ಕುಳಿತರೆ ಅದು ಅಣಕವೆಂಬುದು ಒಂದು ಗಳಿಗೆ ಮರೆತುಹೋಗುತ್ತದೆ, ಅಷ್ಟು ಸೊಗಸು. ಅಪಾಯವಿರುವುದೂ ಆ ಸೊಗಸಿನಲ್ಲೇ ಅಲ್ಲವೆ? ಕೊನೆಗೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದದ್ದೇ ತಡ, ಭೂಗೋಳ ಢಬ್ಬೆಂದು ಮುಖದ ಮೇಲೆ ಒಡೆಯುತ್ತದೆ. ಸರ್ವಾಧಿಕಾರಿ ಆಟಿಕೆ ಮುರಿದ ಮಗುವಿನಂತೆ ಅಳುತ್ತಾನೆ.

ಅದರ ಬೆನ್ನಲ್ಲೇ ಚಾಪ್ಲಿನ್ ಇನ್ನೊಂದು ದೃಶ್ಯವಿಟ್ಟಿದ್ದಾರೆ. ಕ್ಷೌರಿಕನ ಅಂಗಡಿಯ ರೇಡಿಯೊದಲ್ಲಿ ಬ್ರಾಮ್ಸ್‌ನ ಹಂಗೇರಿಯನ್ ನೃತ್ಯ ಸಂಗೀತ ಬರುತ್ತಿದೆ. ಅದರ ತಾಳಕ್ಕೆ ಸರಿಯಾಗಿ ಅವನು ಗಿರಾಕಿಯ ಗಡ್ಡ ಹೆರೆಯುತ್ತಾನೆ; ರಾಗ ಓಡಿದರೆ ಕತ್ತಿಯೂ ಓಡುತ್ತದೆ, ನಿಂತರೆ ನಿಲ್ಲುತ್ತದೆ. ಒಬ್ಬನ ಕೈಯಲ್ಲಿ ಇಡೀ ಭೂಮಿ, ಅದು ಒಡೆಯಿತು. ಇನ್ನೊಬ್ಬನ ಕೈಯಲ್ಲಿ ಹರಿತವಾದ ಕತ್ತಿ, ಗಿರಾಕಿಗೆ ಒಂದು ಗೀರೂ ಬೀಳಲಿಲ್ಲ. ಬೆಲೂನಿನ ದೃಶ್ಯವನ್ನು ಎಲ್ಲರೂ ನೆನಪಿಡುತ್ತಾರೆ. ಎರಡನ್ನೂ ಜೋಡಿಸಿ ನೋಡಿದರೆ ಮಾತ್ರ ಅದರ ಪೂರ್ತಿ ರುಚಿ.

ನಗು ನಿಲ್ಲುವ ಜಾಗ

ಹೆರಿಂಗ್ ಆಗಾಗ ಓಡಿಬಂದು ಹೊಸ ಹೊಸ ಯುದ್ಧ ಸಾಮಗ್ರಿಗಳನ್ನು ತೋರಿಸುತ್ತಾನೆ. ಗುಂಡು ತೂರದ ಅಂಗಿ ತೊಟ್ಟವನಿಗೆ ಹಿಂಕೆಲ್ ಗುಂಡು ಹೊಡೆದರೆ ಆಸಾಮಿ ಸತ್ತೇ ಬೀಳುತ್ತಾನೆ. ಟೋಪಿಯಂತೆ ತಲೆಗೆ ಧರಿಸುವ ಪ್ಯಾರಾಚೂಟ್ ಹಾಕಿಕೊಂಡು ಕಿಟಕಿಯಿಂದ ಹಾರಿದವನು ನೇರ ನೆಲಕ್ಕೆ. ಇನ್ನೊಮ್ಮೆ ಹೆರಿಂಗ್ ಸಂಭ್ರಮದಿಂದ ಸುದ್ದಿ ತರುತ್ತಾನೆ: ಅದ್ಭುತವಾದ ಹೊಸ ವಿಷಾನಿಲ ಸಿಕ್ಕಿದೆ, ಎಲ್ಲರನ್ನೂ ಕೊಲ್ಲುತ್ತದೆ!

1940ರ ಪ್ರೇಕ್ಷಕರು ಇದಕ್ಕೆ ನಕ್ಕರು. ಇಂದಿನ ಪ್ರೇಕ್ಷಕರ ನಗು ಇಲ್ಲಿ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಏಕೆಂದರೆ ಚಿತ್ರ ಬಂದು ಒಂದು ವರ್ಷ ತುಂಬುವ ಮೊದಲೇ, 1941ರ ಸೆಪ್ಟೆಂಬರ್ ಹೊತ್ತಿಗೆ, ಔಷ್ವಿಟ್ಸ್ ಶಿಬಿರದಲ್ಲಿ ಮನುಷ್ಯರನ್ನು ಕೋಣೆಯಲ್ಲಿ ಕೂಡಿಹಾಕಿ ಝೈಕ್ಲಾನ್ ಬಿ ಎಂಬ ಕೀಟನಾಶಕದಿಂದ ಕೊಲ್ಲತೊಡಗಿದ್ದರು. ಹೈಡ್ರೋಜನ್ ಸಯನೈಡ್ ಅನಿಲವನ್ನು ಹೀರಿಸಿಟ್ಟ ಹರಳುಗಳವು. ಆ ವಸ್ತುವಿನ ಬೇರು 1920ರ ದಶಕದ ಆರಂಭದಲ್ಲಿ ಫ್ರಿಟ್ಸ್ ಹೇಬರ್ ಎಂಬ ಮಹಾ ರಸಾಯನಶಾಸ್ತ್ರಜ್ಞನ ಸಂಸ್ಥೆಯಲ್ಲಿ ನಡೆದ ಕೆಲಸದಲ್ಲಿದೆ. ಗಾಳಿಯ ನೈಟ್ರೋಜನ್ನಿನಿಂದ ಅಮೋನಿಯ ತಯಾರಿಸಿ ರಸಗೊಬ್ಬರಕ್ಕೆ ದಾರಿ ತೆರೆದವನೂ ಈ ಹೇಬರನೇ. 1915ರಲ್ಲಿ ಈಪ್ರ್ ರಣರಂಗದಲ್ಲಿ ಕ್ಲೋರಿನ್ ಬಿಡಿಸಿದವನೂ ಅವನೇ. ಹುಟ್ಟಿನಿಂದ ಯೆಹೂದಿಯಾದ ಅವನು ಜರ್ಮನಿಗೆ ಇಷ್ಟೆಲ್ಲ ಮಾಡಿಯೂ 1933ರಲ್ಲಿ ದೇಶ ಬಿಟ್ಟು ಹೋಗಬೇಕಾಯಿತು. ಮರುವರ್ಷ ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡ.

ಚಿತ್ರದಲ್ಲಿ ಬಂದಿಗಳ ಶಿಬಿರವೂ ಇದೆ. ಕ್ಷೌರಿಕ ಅಲ್ಲಿ ಕಾಲೆತ್ತಿ ಕವಾಯತು ಮಾಡುತ್ತ ನಗಿಸುತ್ತಾನೆ. ಯುದ್ಧ ಮುಗಿದು, ಅರವತ್ತು ಲಕ್ಷ ಯೆಹೂದಿಗಳನ್ನು ಕೊಂದ ಸಂಗತಿ ಹೊರಬಿದ್ದು, ಶಿಬಿರಗಳ ಚಿತ್ರಗಳನ್ನು ಜಗತ್ತು ನೋಡಿತು. 1964ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಚಾಪ್ಲಿನ್ ನೇರವಾಗಿ ಬರೆದರು: ಆ ಶಿಬಿರಗಳ ನಿಜವಾದ ಭೀಕರತೆ ತಿಳಿದಿದ್ದರೆ ತಾನು ಈ ಚಿತ್ರ ಮಾಡಲಾಗುತ್ತಿರಲಿಲ್ಲ ಎಂದು. ತನ್ನ ಅತಿ ಯಶಸ್ವಿ ಚಿತ್ರದ ಬಗ್ಗೆ ಯಾವ ನಿರ್ದೇಶಕ ಇಂಥ ಮಾತು ಬರೆದಾನು? ಹಾಗಾದರೆ ಆ ನಗು ತಪ್ಪಾಗಿತ್ತೆ? ತಿಳಿದವರಲ್ಲೇ ಎರಡು ಮಾತಿದೆ. ನಗಿಸುವುದರಿಂದ ಕ್ರೌರ್ಯ ಹಗುರವಾಗುತ್ತದೆಂದು ಒಂದು ವಾದ. ಆದರೆ ಚಿತ್ರವನ್ನು ಗಮನವಿಟ್ಟು ನೋಡಿದರೆ ಚಾಪ್ಲಿನ್ ನಗುವುದು ಕೊಲ್ಲುವವರ ಡೌಲಿಗೆ. ಸಾಯುವವರನ್ನು ನೋಡಿ ಅವರು ಎಲ್ಲಿಯೂ ನಗುವುದಿಲ್ಲ. ಹಸಿದ ಜನರ ಗಮನ ಹೊಟ್ಟೆಯ ಕಡೆ ಹೋಗದಿರಲಿ ಎಂದು ಯೆಹೂದಿಗಳ ಮೇಲೆ ಎತ್ತಿಕಟ್ಟುವ ಸಲಹೆ, ಯೆಹೂದಿ ಸಾಹುಕಾರನಿಂದ ಸಾಲ ಬೇಕಾದಾಗ ನಾಲ್ಕು ದಿನ ದ್ವೇಷಕ್ಕೆ ರಜೆ, ಸಾಲ ಸಿಗದೆ ಹೋದ ಕೂಡಲೇ ಮತ್ತೆ ಕೇರಿಗೆ ಬೆಂಕಿ. ದ್ವೇಷವೆಂಬುದು ನಲ್ಲಿಯಂತೆ ತಿರುಗಿಸಿ ಬಿಡುವ, ಮುಚ್ಚುವ ವಸ್ತು ಎಂಬುದನ್ನು ಆ ಕಾಲದಲ್ಲಿ ಬೇರಾವ ಚಿತ್ರ ಇಷ್ಟು ಸ್ಪಷ್ಟವಾಗಿ ತೋರಿಸಿತ್ತು?

ಕ್ಷೌರಿಕ ಮಾತಾಡಿದ

ಕಥೆಯ ಕೊನೆಗೆ ವೇಷಗಳು ಅದಲುಬದಲಾಗುತ್ತವೆ. ಬಾತುಕೋಳಿ ಬೇಟೆಗೆ ಹೋಗಿ ನೀರಿಗೆ ಬಿದ್ದ ಹಿಂಕೆಲ್‌ನನ್ನು ಅವನದೇ ಸೈನಿಕರು ತಪ್ಪಿಸಿಕೊಂಡ ಬಂದಿಯೆಂದು ತಿಳಿದು ಬಡಿದು ಎಳೆದೊಯ್ಯುತ್ತಾರೆ. ಶಿಬಿರದಿಂದ ಸಮವಸ್ತ್ರ ತೊಟ್ಟು ಪಾರಾದ ಕ್ಷೌರಿಕನಿಗೆ ಸೇನೆಯೆಲ್ಲ ವಂದನೆ ಸಲ್ಲಿಸುತ್ತದೆ. ಸಮವಸ್ತ್ರ ಬಿಚ್ಚಿದರೆ ಸರ್ವಾಧಿಕಾರಿ ಯಾರೂ ಅಲ್ಲ, ತೊಟ್ಟರೆ ಕ್ಷೌರಿಕನೇ ಚಕ್ರವರ್ತಿ! ಗೆದ್ದ ಆಸ್ಟರ್ಲಿಚ್‌ನಲ್ಲಿ ಲಕ್ಷಾಂತರ ಸೈನಿಕರ ಮುಂದೆ ಅವನು ಭಾಷಣ ಮಾಡಲೇಬೇಕು.

ಸೈನಿಕರು ಬಂದೂಕು ಎಸೆದು ಕುಣಿಯುವಂತೆ ಮುಗಿಸುವ ಯೋಚನೆ ಮೊದಲು ಇತ್ತು. ಅದರ ಚಿತ್ರೀಕರಣವೂ ನಡೆದಿತ್ತು. ಅಣ್ಣ ಸಿಡ್ನಿ ಸೆಟ್ಟಿನಲ್ಲಿ ತಮ್ಮ ಪುಟ್ಟ ಕ್ಯಾಮೆರಾದಿಂದ ಬಣ್ಣದಲ್ಲಿ ತೆಗೆದ ತುಣುಕುಗಳು ಬಹುಕಾಲದ ನಂತರ ಸಿಕ್ಕಿವೆ, ಅವುಗಳಲ್ಲಿ ಆ ಕುಣಿತವಿದೆ. ಆದರೆ 1940ರ ಜೂನ್‌ನಲ್ಲಿ ಪ್ಯಾರಿಸ್ ಬಿತ್ತು. ಕುಣಿತ ಬಿಟ್ಟು ಅದೇ ತಿಂಗಳು ಚಾಪ್ಲಿನ್ ಭಾಷಣ ಚಿತ್ರಿಸಿಕೊಂಡರು. ಕ್ಷೌರಿಕ ಮೆಲ್ಲಗೆ, ತಡವರಿಸುತ್ತ ಶುರುಮಾಡುತ್ತಾನೆ: ತನಗೆ ಚಕ್ರವರ್ತಿಯಾಗುವ ಆಸೆಯಿಲ್ಲ. ಸಮೃದ್ಧಿ ತರಬೇಕಾದ ಯಂತ್ರಗಳು ನಮ್ಮನ್ನು ಕೊರತೆಯಲ್ಲೇ ಇಟ್ಟಿವೆ. ವಿಮಾನ, ರೇಡಿಯೊ ಹುಟ್ಟಿದ್ದು ಮನುಷ್ಯರನ್ನು ಹತ್ತಿರ ತರಲು. ಸೈನಿಕರೇ, ನೀವು ಯಂತ್ರಗಳಲ್ಲ, ಮೃಗಗಳಿಗೆ ನಿಮ್ಮನ್ನು ಒಪ್ಪಿಸಿಕೊಳ್ಳಬೇಡಿ ಎಂಬ ಅರ್ಥದ ಮಾತುಗಳು. ಕ್ಯಾಮೆರಾ ಮುಖ ಬಿಟ್ಟು ಕದಲುವುದಿಲ್ಲ. ಮಾತು ಬಿರುಸಾದಂತೆ ಕ್ಷೌರಿಕ ಮರೆಯಾಗಿ ಐವತ್ತೊಂದು ವರ್ಷದ, ನರೆತ ಕೂದಲಿನ ಚಾಪ್ಲಿನ್ನರೇ ಎದುರು ನಿಂತಿರುತ್ತಾರೆ.

ಯಂತ್ರದ ಈ ಮಾತಿನ ಹಿಂದೆ ನಮ್ಮ ದೇಶದ ಎಳೆಯೊಂದಿದೆ. 1931ರ ಸೆಪ್ಟೆಂಬರ್‌ನಲ್ಲಿ, ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೋಗಿದ್ದ ಗಾಂಧೀಜಿಯನ್ನು ಚಾಪ್ಲಿನ್ ಪೂರ್ವ ಲಂಡನ್ನಿನ ಬಡ ಬೀದಿಯ ಮನೆಯೊಂದರಲ್ಲಿ ಕಂಡಿದ್ದರು. ಯಂತ್ರಗಳನ್ನು ಏಕೆ ವಿರೋಧಿಸುತ್ತೀರಿ ಎಂದೇ ಅವರ ಪ್ರಶ್ನೆ. ಭಾರತವನ್ನು ಇಂಗ್ಲೆಂಡಿಗೆ ಅಡಿಯಾಳಾಗಿಸಿದ್ದು ಯಂತ್ರವೇ, ಆದ್ದರಿಂದ ನಮ್ಮ ಬಟ್ಟೆ ನಾವು ನೇಯುವುದು ನಮ್ಮ ಕರ್ತವ್ಯವೆಂದು ಗಾಂಧೀಜಿ ವಿವರಿಸಿದ್ದರು. ಒಂದೇ ಭೇಟಿಯಿಂದ ಚಿತ್ರಗಳು ಹುಟ್ಟಿದವೆನ್ನುವುದು ಅತಿಯಾದೀತು. ಆದರೆ ಅದಾದ ಮೇಲಿನ 'ಮಾಡರ್ನ್ ಟೈಮ್ಸ್' ಮತ್ತು ಈ ಭಾಷಣ ಎರಡರಲ್ಲೂ ಅದೇ ಪ್ರಶ್ನೆ ಮುಂದುವರಿದಿದೆ.

ಆ ಭಾಷಣ ಚಿತ್ರಕ್ಕೆ ಹೊಂದುವುದಿಲ್ಲವೆಂದು ಅಂದಿನಿಂದ ಇಂದಿನವರೆಗೆ ಅನೇಕ ವಿಮರ್ಶಕರು ದೂರಿದ್ದಾರೆ. ಕಲೆಯ ಲೆಕ್ಕದಲ್ಲಿ ದೂರು ನಿಜವೇ. ಕೆಲವು ಮಾತು ಉಪದೇಶದಂತಿವೆ, ಉದ್ದವೂ ಹೆಚ್ಚಾಯಿತು. ಆದರೆ ಮಾತಿನ ಚಿತ್ರ ಬಂದು ಹದಿಮೂರು ವರ್ಷ 'ಮಾತಾಡೆ' ಎಂದು ಹಟ ಹಿಡಿದಿದ್ದ ಮನುಷ್ಯ ಕೊನೆಗೂ ಬಾಯಿ ಬಿಟ್ಟದ್ದು ಇಂಥ ದಿನದಲ್ಲಿ, ಇಂಥ ವಿಷಯಕ್ಕೆ. ಹಿಂಕೆಲ್‌ನ ಕಿರುಚಾಟ ಹರಿದುಬಂದ ಮೈಕು, ರೇಡಿಯೊಗಳಲ್ಲೇ ಈ ಮಾತೂ ಹರಿಯುತ್ತದೆ. ದೂರದ ಹೊಲದಲ್ಲಿ ಪೆಟ್ಟು ತಿಂದು ನೆಲಕ್ಕೆ ಬಿದ್ದಿರುವ ಹುಡುಗಿಯ ಹೆಸರು ಕರೆದು ಕ್ಷೌರಿಕ ತಲೆಯೆತ್ತಿ ನೋಡೆನ್ನುತ್ತಾನೆ. ಪೌಲೆಟ್ ಗೊಡ್ಡಾರ್ಡ್ ಅಭಿನಯಿಸಿರುವ ಆ ಹುಡುಗಿಗೆ ಚಾಪ್ಲಿನ್ ಇಟ್ಟಿರುವ ಹೆಸರು ಹ್ಯಾನಾ, ತಮ್ಮ ತಾಯಿಯದೇ. ಮಗನ ಮಾತು ತೆರೆಯ ಮೇಲೆ ಕೇಳುವ ಮೊದಲೇ, 1928ರಲ್ಲಿ, ಆ ತಾಯಿ ತೀರಿಕೊಂಡಿದ್ದರು.

ಚಿತ್ರ ಚಾಪ್ಲಿನ್ನರ ಎಲ್ಲ ಚಿತ್ರಗಳಿಗಿಂತ ಹೆಚ್ಚು ಹಣ ತಂದಿತು. ಐದು ವಿಭಾಗಗಳಲ್ಲಿ ಆಸ್ಕರ್‌ಗೆ ಹೆಸರು ಹೋಯಿತು, ಒಂದೂ ಬರಲಿಲ್ಲ. ಜನರನ್ನು ಯುದ್ಧಕ್ಕೆ ಪ್ರಚೋದಿಸುವ ಚಿತ್ರಗಳನ್ನು ವಿಚಾರಣೆ ಮಾಡಲು 1941ರಲ್ಲಿ ಅಮೆರಿಕದ ಸೆನೆಟ್ಟಿನ ಸಮಿತಿ ಕುಳಿತಾಗ ಇದರ ಹೆಸರೂ ಪಟ್ಟಿಯಲ್ಲಿತ್ತು; ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದ ಮೇಲೆ ವಿಚಾರಣೆ ತಾನಾಗಿ ಬಿದ್ದುಹೋಯಿತು. ಚಾಪ್ಲಿನ್ನರ ಮೇಲಿನ ಅನುಮಾನ ಮಾತ್ರ ಬೀಳಲಿಲ್ಲ. 1952ರಲ್ಲಿ ಲಂಡನ್ನಿಗೆ ಹೊರಟಾಗ ಅವರು ಅಮೆರಿಕಕ್ಕೆ ಹಿಂತಿರುಗುವ ಪರವಾನಗಿಯನ್ನೇ ಸರ್ಕಾರ ರದ್ದುಮಾಡಿತು. ಆಮೇಲೆ ಅವರ ಬದುಕೆಲ್ಲ ಸ್ವಿಟ್ಜರ್ಲೆಂಡಿನಲ್ಲಿ.

ಇಂದು ಮನೆಯಲ್ಲೇ ಕುಳಿತು ನೋಡಬಹುದಾದ ಈ ಕಪ್ಪು ಬಿಳುಪು ಚಿತ್ರದ ಅವಧಿ ಎರಡು ಗಂಟೆಗೆ ಸ್ವಲ್ಪ ಹೆಚ್ಚು. ಪ್ರೌಢಶಾಲೆಯ ಮಕ್ಕಳು ಇತಿಹಾಸ ಪುಸ್ತಕದ ಎರಡನೆಯ ಮಹಾಯುದ್ಧದ ಪಾಠ ಓದಿದ ಮೇಲೆ, ತಂದೆತಾಯಿಯ ಪಕ್ಕದಲ್ಲಿ ಕುಳಿತು ನೋಡಿದರೆ ಒಳ್ಳೆಯದು. ನಡುವೆ ಕೇಳುವ ಪ್ರಶ್ನೆಗಳಿಗೆ ದೊಡ್ಡವರೂ ಸಿದ್ಧರಾಗಿರಬೇಕಾಗುತ್ತದೆ. ಎಲ್ಲ ದೇಶದವರಿಗೂ ಈ ಸೌಲಭ್ಯ ಬೇಗ ಸಿಕ್ಕಲಿಲ್ಲ. ಪಶ್ಚಿಮ ಜರ್ಮನಿಯ ಚಿತ್ರಮಂದಿರಗಳಿಗೆ ಇದು ಬಂದದ್ದು 1958ರಲ್ಲಿ. ಫ್ರಾಂಕೊ ಎಂಬ ಇನ್ನೊಬ್ಬ ಸರ್ವಾಧಿಕಾರಿ ಆಳುತ್ತಿದ್ದ ಸ್ಪೇನಿನ ಜನ ಅವನು ಸಾಯುವವರೆಗೆ ಕಾಯಬೇಕಾಯಿತು. ಅವನು ಸತ್ತದ್ದು 1975ರ ನವೆಂಬರ್‌ನಲ್ಲಿ. ಮರುವರ್ಷ ಸ್ಪೇನಿನಲ್ಲಿ ಚಿತ್ರ ಬಿಡುಗಡೆಯಾದಾಗ ಚಾಪ್ಲಿನ್ನರಿಗೆ 87 ವರ್ಷ.